ಹಳೇ ಕಾರು, ಟ್ರ್ಯಾಕ್‌ನಲ್ಲಿ ಜೋರು: ಗಡಿ ದಾಟಿಸೋ ಮುಂಚೆ ಕಾಗದ ನೋಡಿ

ರೊಳ್ಳ: ಇಲ್ಲಿನ ಬಸ್ ನಿಲ್ದಾಣದ ಟೀ ಅಂಗಡಿ ಮುಂದೆ ಮೊನ್ನೆ ಭಾನುವಾರ ಐದಾರು ಹುಡುಗರು ಒಂದೇ ಮೊಬೈಲ್‌ಗೆ ತಲೆ ಕೊಟ್ಟು ನಿಂತಿದ್ದರು. ಕ್ರಿಕೆಟ್ ಸ್ಕೋರ್ ಇರಬೇಕು ಅಂದುಕೊಂಡು ಹತ್ತಿರ ಹೋದರೆ ಅದಲ್ಲ. ಬೆಂಗಳೂರಿನಲ್ಲಿ ಮಾರಾಟಕ್ಕಿರುವ ಕೆಂಪು ಬಣ್ಣದ ಪೋಲೊ ಕಾರಿನ ಫೋಟೊ. ಕೊಳ್ಳುವ ಮನಸ್ಸಿರುವುದು ಅವರಲ್ಲಿ ಒಬ್ಬರಿಗೆ ಮಾತ್ರ. ಉಳಿದವರದ್ದು ಬರೀ ಸಲಹೆ.

ಪೆನುಕೊಂಡ ಹತ್ತಿರದ ಕಿಯಾ ಕಾರ್ಖಾನೆಯಲ್ಲಿ 2019ರಲ್ಲಿ ಕಾರು ತಯಾರಿ ಶುರುವಾದ ಮೇಲೆ ನಮ್ಮ ಕಡೆ ಹುಡುಗರ ಬಾಯಲ್ಲಿ ಟಾರ್ಕು, ಟರ್ಬೊ ಎಂಬ ಮಾತು ರಾಗಿ, ರೇಷ್ಮೆಗೂಡಿನ ರೇಟಿನಷ್ಟೇ ಸಲೀಸಾಗಿದೆ. ಈ ಯುವಕ ಡಿಪ್ಲೊಮಾ ಓದಿ ಕೆಲಸಕ್ಕೆ ಸೇರಿದವರು. 'ಪೇಪರಲ್ಲಿ ಹೆಸರು ಬೇಡ ಸಾರ್, ಅಪ್ಪ ಬೈತಾರೆ' ಅಂದರು. ಅವರ ಕೈಲಿರುವುದು ಮೂರು ಲಕ್ಷ ರೂಪಾಯಿ. ಅದರಲ್ಲಿ ಅರ್ಧ ಸ್ವಂತ ಉಳಿತಾಯ, ಅರ್ಧ ಮನೆಯವರು ಗೂಡು ಮಾರಿದ ದುಡ್ಡು. ಅಪ್ಪ ಒಪ್ಪಿದ್ದು ಒಂದೇ ಷರತ್ತಿನ ಮೇಲೆ: 'ಊರ ರಸ್ತೇಲಿ ಜೋರು ಓಡಿಸೋ ಹಾಗಿಲ್ಲ.'

ಷರತ್ತಿನಲ್ಲಿ ಅರ್ಥವಿದೆ. ಸುಗ್ಗಿ ಕಾಲದಲ್ಲಿ ಮಡಕಶಿರಾ, ಅಗಳಿ, ಸಿರಾ ಕಡೆಯ ರಸ್ತೆಗಳಲ್ಲಿ ಓಡಾಡಿದವರಿಗೆ ಗೊತ್ತು. ಡಾಂಬರಿನ ಮೇಲೆ ಅರ್ಧದಷ್ಟು ಹುರುಳಿ, ರಾಗಿ ತೆನೆ ಹಾಸಿರುತ್ತದೆ, ಪಕ್ಕದಲ್ಲೇ ಹೆಂಗಸರು ಮೊರ ಹಿಡಿದು ಕೂತಿರುತ್ತಾರೆ. ರಸ್ತೆಯಲ್ಲಿ ಒಕ್ಕಣೆ ಸರಿಯೋ ತಪ್ಪೋ ಅದು ಬೇರೆ ವಿಷಯ. ಆ ತೆನೆ ಮೇಲೆ ಟೈರು ಜಾರಿದರೆ ಕಾರು ಎತ್ತ ಹೋಗುತ್ತದೆ ಎಂದು ಹೇಳಲಾಗದು. ಕಾನೂನು ಕೂಡ ಸುಮ್ಮನಿಲ್ಲ. ಸಾರ್ವಜನಿಕ ರಸ್ತೆಯಲ್ಲಿ ರೇಸ್ ಅಥವಾ ವೇಗದ ಪರೀಕ್ಷೆ ಮಾಡಿದರೆ ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಪ್ರಕಾರ ಮೂರು ತಿಂಗಳವರೆಗೆ ಜೈಲು ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. 2019ರ ತಿದ್ದುಪಡಿ ನಂತರ ಎರಡನೇ ಸಲ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲಿಗೂ ಅವಕಾಶವಿದೆ.

ಹಾಗಾದರೆ ಜೋರು ಓಡಿಸುವ ಆಸೆ ಇದ್ದವರು ಎಲ್ಲಿ ಓಡಿಸಬೇಕು? ಅದಕ್ಕೇ ಇರುವುದು 'ಟ್ರ್ಯಾಕ್ ಡೇ'.

ರೇಸ್ ಅಲ್ಲ, ಕಲಿಕೆ

ಟ್ರ್ಯಾಕ್ ಡೇ ಅಂದರೆ ರೇಸ್ ಅಲ್ಲ. ಬಹುಮಾನ ಇಲ್ಲ, ಮೊದಲು ಬಂದವರು ಕೊನೆಗೆ ಬಂದವರು ಅಂತ ಲೆಕ್ಕ ಇಲ್ಲ. ಶುಲ್ಕ ಕಟ್ಟಿ, ಸ್ವಂತ ಕಾರು ತಂದು, ಹೆಲ್ಮೆಟ್ ಹಾಕಿ, ಸರದಿ ಪ್ರಕಾರ ಹದಿನೈದು ಇಪ್ಪತ್ತು ನಿಮಿಷ ಸರ್ಕ್ಯೂಟ್‌ನಲ್ಲಿ ಓಡಿಸಿ ಹೊರಬರಬೇಕು. ಹಿಂದಿನಿಂದ ವೇಗವಾಗಿ ಬರುವವರಿಗೆ ದಾರಿ ಬಿಡಬೇಕು. ಎದುರಿನಿಂದ ಲಾರಿ ಬರುವುದಿಲ್ಲ, ಎಮ್ಮೆ ಅಡ್ಡ ಬರುವುದಿಲ್ಲ. ಹಳದಿ ಬಾವುಟ ಕಂಡರೆ ನಿಧಾನ, ಕೆಂಪು ಕಂಡರೆ ಸೆಷನ್ ಬಂದ್. ಅಷ್ಟನ್ನು ಬೆಳಿಗ್ಗೆಯೇ ಕೂರಿಸಿ ಹೇಳಿಕೊಡುತ್ತಾರೆ.

ರೊಳ್ಳದಿಂದ ಹತ್ತಿರದ ಸರ್ಕ್ಯೂಟ್ ಅಂದರೂ ಹತ್ತಿರವೇನಲ್ಲ. ಚೆನ್ನೈ ಪಕ್ಕ ಶ್ರೀಪೆರಂಬದೂರು ಬಳಿಯ ಇರುಂಗಾಟುಕೋಟೈನಲ್ಲಿ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ನ ಟ್ರ್ಯಾಕ್ ಇದೆ. 1990ರಲ್ಲಿ ಶುರುವಾಗಿದ್ದು, ಉದ್ದ 3.7 ಕಿ.ಮೀ. ಅದಕ್ಕೂ ಮುಂಚೆ ಶೋಲಾವರಂನ ಹಳೆ ವಿಮಾನ ಓಡುದಾರಿಯಲ್ಲೇ ರೇಸ್ ನಡೆಯುತ್ತಿತ್ತು. ಇನ್ನೊಂದು, ಕೊಯಮತ್ತೂರು ಹತ್ತಿರದ ಕರಿ ಮೋಟಾರ್ ಸ್ಪೀಡ್‌ವೇ. ಮಾರುತಿ 800ರ ಎಂಜಿನ್ ಕೂರಿಸಿ 'ಫಾರ್ಮುಲಾ ಮಾರುತಿ' ಎಂಬ ಒಂಟಿ ಸೀಟಿನ ರೇಸ್ ಕಾರು ಕಟ್ಟಿ, ಸಾಧಾರಣ ಮನೆಯ ಹುಡುಗರಿಗೂ ರೇಸ್ ರುಚಿ ಹತ್ತಿಸಿದ ಎಸ್. ಕರಿವರ್ಧನ್ 1995ರಲ್ಲಿ ತೀರಿಕೊಂಡರು. ಅವರ ಹೆಸರಿನ ಈ ಟ್ರ್ಯಾಕ್ 2003ರಿಂದ ಇದೆ. ಉದ್ದ ಸುಮಾರು 2.1 ಕಿ.ಮೀ. ಗ್ರೇಟರ್ ನೊಯ್ಡಾದ ಬುದ್ಧ ಸರ್ಕ್ಯೂಟ್ ನಮಗೆ ಆಗದ ಮಾತು.

ಬೆಂಗಳೂರಿನಲ್ಲಿ ರೇಸ್ ಹುಚ್ಚಿಗೇನೂ ಕಡಿಮೆಯಿಲ್ಲ. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ನಡೆಸುವ ಕೆ-1000 ರ್‍ಯಾಲಿ ದೇಶಕ್ಕೆಲ್ಲ ಗೊತ್ತು. ಆದರೆ ಇರುಂಗಾಟುಕೋಟೈನಂಥ ದೊಡ್ಡ ಕಾರು ಸರ್ಕ್ಯೂಟ್ ಅಲ್ಲಿಲ್ಲ. ಹಾಗಾಗಿ ರೊಳ್ಳದ ಹುಡುಗ ಟ್ರ್ಯಾಕಿಗೆ ಹೋಗಬೇಕಾದರೆ ಬೆಂಗಳೂರು ದಾಟಿ ಒಟ್ಟು ನಾನೂರಕ್ಕೂ ಹೆಚ್ಚು ಕಿ.ಮೀ. ಹೋಗಬೇಕು. ಕಾರನ್ನು ಲಾರಿ ಮೇಲೆ ಹೊತ್ತೊಯ್ಯುವಷ್ಟು ದುಡ್ಡು ಯಾರ ಹತ್ತಿರ ಇದೆ? ಅದೇ ಕಾರಲ್ಲಿ ಹೋಗಿ, ಅದೇ ಕಾರನ್ನು ಬಿಸಿ ಮಾಡಿ, ಅದೇ ಕಾರಲ್ಲಿ ರಾತ್ರಿ ವಾಪಸ್ ಬರಬೇಕು.

ಯಾವ ಕಾರು ಅನ್ನುವ ಪ್ರಶ್ನೆ ಇಲ್ಲಿಂದ ಶುರುವಾಗಬೇಕು. ಫೋಟೊದಿಂದ ಅಲ್ಲ.

ಸ್ಪೋರ್ಟ್ಸ್ ಕಾರು ಅಂದರೆ ಯಾವುದು?

ಅಮೆರಿಕ, ಇಂಗ್ಲೆಂಡ್‌ನಲ್ಲಿ ಈ ಪ್ರಶ್ನೆಗೆ ಸಿದ್ಧ ಉತ್ತರ ಇದೆ: ಮಾಜ್ದಾ ಮಿಯಾಟಾ. 1989ರಲ್ಲಿ ಬಂದ ಎರಡು ಸೀಟಿನ ಪುಟ್ಟ ಕಾರು, ತೂಕ ಸುಮಾರು ಒಂದು ಟನ್ ಅಷ್ಟೆ. ಎಂಜಿನ್ ಮುಂದೆ, ಎಳೆತ ಹಿಂದಿನ ಚಕ್ರಕ್ಕೆ. ಹಳೆಯದನ್ನು ಕಡಿಮೆ ಬೆಲೆಗೆ ಕೊಂಡು ವಾರಾಂತ್ಯದಲ್ಲಿ ಟ್ರ್ಯಾಕಿಗೆ ಹೋಗುವವರು ಅಲ್ಲಿ ಬೇಕಾದಷ್ಟು. 'ಅಮೆರಿಕದಲ್ಲಿರೋ ಚಿಕ್ಕಪ್ಪನ ಮಗ ಒಂದು ಕಳಿಸಿದ್ರೆ?' ಅಂತ ಟೀ ಅಂಗಡಿಯಲ್ಲೇ ಪ್ರಶ್ನೆ ಬಂತು. ಆಗುವುದಿಲ್ಲ. ಮೂರು ವರ್ಷಕ್ಕಿಂತ ಹಳೆಯ ಕಾರನ್ನು ಭಾರತಕ್ಕೆ ತರುವ ಹಾಗಿಲ್ಲ. ಸ್ಟೀರಿಂಗ್ ಬಲಕ್ಕೇ ಇರಬೇಕು. ಮೇಲೆ ಸುಂಕ ಬೇರೆ.

ನಮ್ಮಲ್ಲೂ ಒಂದು ಪ್ರಯತ್ನ ಆಗಿತ್ತು. ಬೆಂಗಳೂರಿನ ಸ್ಯಾನ್ ಮೋಟಾರ್ಸ್ 90ರ ದಶಕದ ಕೊನೆಯಲ್ಲಿ 'ಸ್ಟಾರ್ಮ್' ಎಂಬ ಎರಡು ಸೀಟಿನ, ಮೇಲ್ಛಾವಣಿ ತೆಗೆಯುವ ಕಾರು ತಂದಿತ್ತು. ಫೈಬರ್ ಬಾಡಿ, 1.2 ಲೀಟರ್ ರೆನೊ ಎಂಜಿನ್, ಶಕ್ತಿ 60 ಬಿಎಚ್‌ಪಿ ಆಸುಪಾಸು. ನೋಡಲು ಸೊಗಸು. ಈಗ ಸಿಕ್ಕರೂ ಒಡೆದ ಗಾಜಿಗೆ ಎಲ್ಲಿ ಹೋಗುತ್ತೀರಿ?

ಆದ್ದರಿಂದ ನಮ್ಮ ಬಜೆಟ್ಟಿನ 'ಸ್ಪೋರ್ಟ್ಸ್ ಕಾರು' ಅಂದರೆ ಹಗುರವಾದ, ಗೇರ್ ಕೈಯಲ್ಲೇ ಹಾಕುವ, ಬಿಡಿಭಾಗ ಸಿರಾದಲ್ಲೋ ಹಿಂದೂಪುರದಲ್ಲೋ ಸಿಗುವ ಮಾಮೂಲಿ ಪೆಟ್ರೋಲ್ ಕಾರು. ಇದನ್ನು ಕೇಳಿ ಹುಡುಗರ ಮುಖ ಸಪ್ಪಗಾಯಿತು. ಆದರೆ ದೇಶದ ರೇಸ್ ಟ್ರ್ಯಾಕುಗಳಲ್ಲಿ ವರ್ಷಗಟ್ಟಲೆ ಓಡಿದ್ದು ಮಾರುತಿ ಎಸ್ಟೀಮ್, ಹೋಂಡಾ ಸಿಟಿಗಳೇ.

ಹಳೆ ಹೋಂಡಾ ಸಿಟಿ ವಿಟೆಕ್ (2000ರಿಂದ 2003) ಇಂದಿಗೂ ಕೆಲವರ ದೇವರು. 1.5 ಲೀಟರ್, 106 ಅಶ್ವಶಕ್ತಿ. ಆದರೆ ವಯಸ್ಸು 20 ದಾಟಿದೆ. 15 ವರ್ಷ ದಾಟಿದ ಕಾರಿನ ನೋಂದಣಿ ಐದೈದು ವರ್ಷಕ್ಕೆ ನವೀಕರಿಸಬೇಕು. 2022ರಲ್ಲಿ ಅದರ ಶುಲ್ಕ 600ರಿಂದ 5,000 ರೂಪಾಯಿಗೆ ಏರಿತು. 20 ದಾಟಿದ ಕಾರಿಗೆ 2025ರಲ್ಲಿ 10,000 ಮಾಡಿದರು. ಅದರ ಜೊತೆ ಫಿಟ್‌ನೆಸ್ ಬೇರೆ. ಹವ್ಯಾಸ ಇದ್ದವರಿಗೆ ಸರಿ, ಮೊದಲ ಸಲದವರಿಗೆ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಪೋಲೊ ಬಗ್ಗೆ ಮೋಹ ಜಾಸ್ತಿ. 2010ರಿಂದ 2022ರವರೆಗೆ ಇಲ್ಲಿ ಮಾರಾಟವಾಯಿತು, ಪೋಲೊ ಕಪ್ ಅಂತ ರೇಸ್ ಕೂಡ ನಡೆಯಿತು. 2013ರಲ್ಲಿ ಬಂದ ಜಿಟಿ ಟಿಎಸ್‌ಐ 1.2 ಲೀಟರ್ ಟರ್ಬೊ, 105 ಅಶ್ವಶಕ್ತಿ. ಹೆದ್ದಾರಿಯಲ್ಲಿ ಬಾಣದ ಹಾಗೆ ಹೋಗುತ್ತದೆ. ತೊಂದರೆ ಇರುವುದು ಅದರ ಏಳು ಗೇರಿನ ಆಟೊಮ್ಯಾಟಿಕ್ ಪೆಟ್ಟಿಗೆಯಲ್ಲಿ. ಅದರ ಕ್ಲಚ್ ಎಣ್ಣೆಯಲ್ಲಿ ಮುಳುಗಿರದ ಒಣ ಕ್ಲಚ್, ಬಿಸಿಯಾದರೆ ಬೇಗ ಸೋಲುತ್ತದೆ. ರಿಪೇರಿ ಬಿಲ್ಲು ಕಂಡರೆ ಕಾರು ಕೊಂಡ ದಿನವನ್ನೇ ಶಪಿಸಬೇಕಾಗುತ್ತದೆ. ಕಡಿಮೆ ಬೆಲೆಗೆ ಜಿಟಿ ಸಿಗುತ್ತಿದೆ ಅಂದರೆ ಕಾರಣ ಬಹಳ ಸಲ ಅದೇ.

ಟಾಟಾ ಟಿಯಾಗೊ ಜೆಟಿಪಿ ಎಂಬುದೊಂದು ಇದೆ. ಕೊಯಮತ್ತೂರಿನ ಜಯಮ್ ಕಂಪನಿ ಜೊತೆ ಸೇರಿ ಟಾಟಾದವರು 2018ರಲ್ಲಿ ತಂದಿದ್ದು. 114 ಅಶ್ವಶಕ್ತಿ, ಕೈ ಗೇರು. ಹೆಚ್ಚು ದಿನ ಮಾರಲಿಲ್ಲ. ಸಿಕ್ಕರೆ ಒಳ್ಳೇದೇ, ಆದರೆ ಅದಕ್ಕೇ ಅಂತ ಮಾಡಿದ ಬಿಡಿಭಾಗ ಹೋದರೆ ಹುಡುಕಾಟ. 145 ಅಶ್ವಶಕ್ತಿಯ ಫಿಯಟ್ ಅಬಾರ್ಥ್ ಪುಂಟೊ (2015) ಕಥೆಯೂ ಅಷ್ಟೆ, ಫಿಯಟ್ ಕಾರು ಮಾರಾಟವೇ ಇಲ್ಲಿ ನಿಂತಿದೆ.

ಕೊನೆಗೆ ಉಳಿಯುವುದು ಸ್ವಿಫ್ಟ್. 2005ರ 1.3 ಲೀಟರ್ ಪೆಟ್ರೋಲ್ 87 ಅಶ್ವಶಕ್ತಿಯದು, ನಂತರದವು 1.2 ಲೀಟರ್. ಟ್ರ್ಯಾಕಿನ ನೇರ ದಾರಿಯಲ್ಲಿ ಎಲ್ಲರೂ ಹಿಂದೆ ಹಾಕುತ್ತಾರೆ, ನಿಜ. ಆದರೆ ಹಗುರ ಕಾರಿಗೆ ಬ್ರೇಕು, ಟೈರು ಬೇಗ ಸವೆಯುವುದಿಲ್ಲ, ತಿರುವಿನಲ್ಲಿ ಹಿಡಿತ ಕಲಿಯಲು ಕಡಿಮೆ ಶಕ್ತಿಯ ಕಾರೇ ವಾಸಿ. ಏನಾದರೂ ಕಿತ್ತುಹೋದರೆ ವೆಲ್ಲೂರಿನಲ್ಲೂ ಸಿಗುತ್ತದೆ, ಕೋಲಾರದಲ್ಲೂ ಸಿಗುತ್ತದೆ. ಡೆಬಿಟ್ಟು ಕ್ರೆಡಿಟ್ಟು ಕಲಿತವನಿಗೆ ಇದಕ್ಕಿಂತ ಬೇರೆ ಲೆಕ್ಕ ಕೂಡುವುದಿಲ್ಲ.

ಬಾನೆಟ್ ಎತ್ತಿ, ಕಾರ್ಪೆಟ್ ಎತ್ತಿ

ಕಾರು ನೋಡಲು ಹೋಗುವಾಗ ಬೆಳಿಗ್ಗೆಯೇ ಹೋಗಿ, ಎಂಜಿನ್ ತಣ್ಣಗಿರಬೇಕು. ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಅನುಮಾನ ಪಡಿ. ನೀಲಿ ಹೊಗೆ ಅಂದರೆ ಆಯಿಲ್ ಸುಡುತ್ತಿದೆ. ಬಿಳಿ ಹೊಗೆ ನಿಲ್ಲದೆ ಬರುತ್ತಿದ್ದರೆ, ರೇಡಿಯೇಟರ್ ನೀರು ಪದೇಪದೇ ಕಡಿಮೆಯಾದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಟ್ರ್ಯಾಕಿನಲ್ಲಿ ಮೊದಲು ಸೋಲುವುದು ಇಂಥ ಎಂಜಿನ್ನೇ. ಕಂಪ್ರೆಷನ್ ಪರೀಕ್ಷೆಗೆ ಮೆಕ್ಯಾನಿಕ್‌ಗೆ ಕೊಡುವ ಕಾಸು ದಂಡ ಅಲ್ಲ.

ಬಾನೆಟ್ ಕೆಳಗೆ ಎರಡೂ ಪಕ್ಕದ ಏಪ್ರನ್ ತಗಡಿನ ವೆಲ್ಡಿಂಗ್ ಚುಕ್ಕೆಗಳು ಒಂದೇ ಥರ ಇವೆಯಾ ನೋಡಿ. ಬೋಲ್ಟಿನ ಬಣ್ಣ ಕಿತ್ತಿದ್ದರೆ ಯಾವತ್ತೋ ಬಿಚ್ಚಿದ್ದಾರೆ ಅಂತ ಅರ್ಥ. ಇದೇ ವಿಷಯಕ್ಕೆ ಪುಣೆಯ ವ್ಯಾಪಾರಿಯೊಬ್ಬರಿಗೆ ಆ ಹುಡುಗರ ಪರವಾಗಿ ನಾನೇ ಫೋನ್ ಮಾಡಿದ್ದೆ. ಹಿಂದಿ, ಇಂಗ್ಲಿಷಿನಲ್ಲಿ ಮಾತಾಡುವವರೆಗೆ 'ಏಕ್‌ದಂ ಓಕೆ' ಕಾರು. ಮರಾಠಿಗೆ ತಿರುಗಿದ ಮೇಲೆ 'ಗಾಡಿ ಥೋಡಿ ಠೋಕ್ಲೇಲಿ ಆಹೆ' ಅಂದರು, ಅಂದರೆ ಸ್ವಲ್ಪ ಗುದ್ದಿಸಿಕೊಂಡಿದೆ. ಆ 'ಸ್ವಲ್ಪ' ಎಷ್ಟು ಅಂತ ಕೇಳುವ ಧೈರ್ಯ ನಮಗಿರಲಿಲ್ಲ.

ಕಾರ್ಪೆಟ್ ಎತ್ತಿ ಮೂಸಿ ನೋಡಿ. 2015ರ ಡಿಸೆಂಬರ್‌ನಲ್ಲಿ ಚೆನ್ನೈ ಮುಳುಗಿದಾಗ ನೀರಲ್ಲಿ ನಿಂತ ಕಾರುಗಳು ಎಷ್ಟೋ. ಸೀಟಿನ ಕೆಳಗಿನ ಕಂಬಿಯಲ್ಲಿ ತುಕ್ಕು, ಮೂಲೆಯಲ್ಲಿ ಒಣ ಕೆಸರು ಕಂಡರೆ ನಮಸ್ಕಾರ ಹೇಳಿ ಬನ್ನಿ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂತಿದ್ದರೆ 2019ರ 23ನೇ ವಾರ ತಯಾರಾದದ್ದು. ಗೆರೆ ಎಷ್ಟೇ ಆಳ ಇರಲಿ, ಐದಾರು ವರ್ಷ ಹಳೆಯ ಟೈರ್ ಹಾಕಿ ಟ್ರ್ಯಾಕಿಗೆ ಹೋಗಬೇಡಿ.

ಇನ್ನು ಬ್ರೇಕ್ ಆಯಿಲ್. ಇದು ಗಾಳಿಯ ತೇವ ಹೀರಿಕೊಳ್ಳುತ್ತದೆ. ಡಾಟ್-4 ದರ್ಜೆಯದು ಹೊಸತಾಗಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯುವುದಿಲ್ಲ, ತೇವ ಹಿಡಿದ ಮೇಲೆ 155 ಡಿಗ್ರಿಗೇ ಕುದಿಯಬಹುದು. ಕುದಿದರೆ ಗುಳ್ಳೆ, ಗುಳ್ಳೆ ಬಂದರೆ ಪೆಡಲ್ ನೆಲಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಊರಲ್ಲಿ ಇದು ಗೊತ್ತೇ ಆಗುವುದಿಲ್ಲ, ಟ್ರ್ಯಾಕಿನ ಮೂರನೇ ಸುತ್ತಿಗೆ ಗೊತ್ತಾಗುತ್ತದೆ. ಹೋಗುವ ಮುಂಚೆ ಹೊಸ ಆಯಿಲ್, ಒಳ್ಳೆ ಪ್ಯಾಡ್ ಹಾಕಿಸಲೇಬೇಕು. ಹಾಗಾಗಿ ಮೂರು ಲಕ್ಷ ಇದ್ದರೆ ಎರಡು ಲಕ್ಷದ ಕಾರು ನೋಡಿ. ಉಳಿದ ಒಂದು ಲಕ್ಷ ಟೈರು, ಬ್ರೇಕು, ಹೆಲ್ಮೆಟ್ಟು, ತೆರಿಗೆ ಅಂತ ತಾನಾಗೇ ಹೋಗುತ್ತದೆ.

ಕೆಎಯಿಂದ ಎಪಿಗೆ

ತೆರಿಗೆ ಅಂದೆ. ನಮ್ಮ ಗಡಿ ಊರಿನವರಿಗೆ ಕಾರಿಗಿಂತ ದೊಡ್ಡ ತಲೆನೋವು ಇದು. ನಮ್ಮ ಮನೆ ಮಾತು ಕನ್ನಡ, ಪೇಟೆ ಸಿರಾ, ತುಮಕೂರು, ಬೆಂಗಳೂರು. ಆದರೆ ರೊಳ್ಳ ಇರುವುದು ಆಂಧ್ರದಲ್ಲಿ. ಮೊದಲು ಅನಂತಪುರ ಜಿಲ್ಲೆ, 2022ರ ಏಪ್ರಿಲ್‌ನಿಂದ ಶ್ರೀ ಸತ್ಯಸಾಯಿ ಜಿಲ್ಲೆ. ಕೆಎ ನಂಬರಿನ ಕಾರು ತಂದು ಮನೆ ಮುಂದೆ ನಿಲ್ಲಿಸಿಕೊಂಡು ವರ್ಷಗಟ್ಟಲೆ ಓಡಿಸುವವರು ನಮ್ಮಲ್ಲಿ ಬಹಳ. 'ಯಾರು ಕೇಳ್ತಾರೆ ಬಿಡಿ' ಅನ್ನುವುದೇ ಅವರ ಕಾನೂನು.

ಕಾಯ್ದೆಯ 47ನೇ ಕಲಂ ಪ್ರಕಾರ ಒಂದು ರಾಜ್ಯದಲ್ಲಿ ನೋಂದಣಿಯಾದ ವಾಹನವನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿನ ಹೊಸ ನಂಬರ್ ಪಡೆಯಬೇಕು. ಈಚೆಯ ಕಾರು ಆಚೆ ಓಡಿದರೂ ಅಷ್ಟೆ. ಕರ್ನಾಟಕ 2014ರಲ್ಲಿ ಈ ಅವಧಿಯನ್ನು 30 ದಿನಕ್ಕೆ ಇಳಿಸಿ ತೆರಿಗೆ ಕೇಳಿದಾಗ ಬೆಂಗಳೂರಿನಲ್ಲಿ ದುಡಿಯುವ ನಮ್ಮೂರ ಹುಡುಗರು ಪಟ್ಟ ಪಾಡು ನೆನಪಿರಬಹುದು. 2016ರಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು.

ಆದರೆ ಈ 12 ತಿಂಗಳ ರಿಯಾಯಿತಿ ಮಾಲೀಕ ಬದಲಾಗದಿದ್ದರೆ ಮಾತ್ರ ನೆಮ್ಮದಿ. ಕಾರು ಕೊಂಡ ಮೇಲೆ ಹೆಸರು ಬದಲಾವಣೆಗೆ ಕೊಂಡವರು 30 ದಿನದೊಳಗೆ ಅರ್ಜಿ ಹಾಕಬೇಕು. ಬೇರೆ ರಾಜ್ಯದವರಿಗೆ ಮಾರಿದವರು 45 ದಿನದೊಳಗೆ ತಮ್ಮ ಕಚೇರಿಗೆ ತಿಳಿಸಬೇಕು. ಅದಕ್ಕೆ ಬೇಕಾದದ್ದು ಫಾರಂ 28ರ ಎನ್‌ಒಸಿ, ಮಾರಾಟದ ಫಾರಂ 29 ಮತ್ತು 30. ಬ್ಯಾಂಕ್ ಸಾಲ ಇದ್ದ ಕಾರಾದರೆ ಸಾಲ ತೀರಿದ ಫಾರಂ 35. ಬಾಕಿ ಚಲನ್, ಬಾಕಿ ತೆರಿಗೆ ಇದ್ದರೆ ಎನ್‌ಒಸಿ ಬರುವುದಿಲ್ಲ. ಬೆಂಗಳೂರಿನ ಕಾರಿನ ಮೇಲೆ ಸಿಗ್ನಲ್ ಜಂಪ್ ಚಲನ್‌ಗಳ ಸರಮಾಲೆಯೇ ಇರಬಹುದು, ಎಂಪರಿವಾಹನ್‌ನಲ್ಲಿ ಮೊದಲೇ ನೋಡಿಕೊಳ್ಳಿ. ಎನ್‌ಒಸಿ ಅರ್ಜಿಗೆ 30 ದಿನದಲ್ಲಿ ಉತ್ತರ ಕೊಡಬೇಕೆಂದು 48ನೇ ಕಲಂ ಹೇಳುತ್ತದೆ.

ಎನ್‌ಒಸಿ ಹಿಡಿದು ಹಿಂದೂಪುರದ ಸಾರಿಗೆ ಕಚೇರಿಗೆ ಹೋದರೆ ಕಾರಿನ ವಯಸ್ಸು, ಬೆಲೆ ನೋಡಿ ಆಂಧ್ರದ ಲೈಫ್ ಟ್ಯಾಕ್ಸ್ ಕಟ್ಟಿಸಿಕೊಂಡು ಹೊಸ ನಂಬರ್ ಕೊಡುತ್ತಾರೆ. ಕರ್ನಾಟಕದಲ್ಲಿ ಮೊದಲೇ ಕಟ್ಟಿದ ತೆರಿಗೆಯಲ್ಲಿ ಉಳಿದ ಅವಧಿಯದ್ದನ್ನು ವಾಪಸ್ ಕೇಳಬಹುದು. ಕೇಳುವವರು ಕಡಿಮೆ. ಮಾರಿದವರಿಂದ ಅದಕ್ಕೆ ಬೇಕಾದ ಕಾಗದಕ್ಕೆ ಸಹಿಯನ್ನು ವ್ಯಾಪಾರದ ದಿನವೇ ಹಾಕಿಸಿಕೊಳ್ಳಿ, ಆಮೇಲೆ ಅವರು ಫೋನ್ ಎತ್ತುವುದಿಲ್ಲ.

ಇಷ್ಟೆಲ್ಲ ಗೋಳು ಬೇಡವೆಂದರೆ ಎಪಿ ನಂಬರಿನ ಕಾರನ್ನೇ ಹುಡುಕಬೇಕು. ಹಿಂದೂಪುರ, ಅನಂತಪುರ, ಕರ್ನೂಲಿನಲ್ಲಿ ಸ್ವಿಫ್ಟ್‌ಗೇನೂ ಬರವಿಲ್ಲ. ಎನ್‌ಒಸಿ ಬೇಡ, ಮತ್ತೆ ಲೈಫ್ ಟ್ಯಾಕ್ಸ್ ಬೇಡ. ಬೆಂಗಳೂರಿನಲ್ಲಿ ಇಪ್ಪತ್ತು ಸಾವಿರ ಅಗ್ಗಕ್ಕೆ ಸಿಕ್ಕಿತು ಅಂತ ಹಿಗ್ಗುವವರು ಈ ಲೆಕ್ಕ ಹಾಕಿ ನೋಡಲಿ.

ವಿಮೆ ಇದೆ, ಆದರೆ ಇಲ್ಲ

ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ ಇದು. ಕಾರಿನ ಮಾಮೂಲಿ ವಿಮಾ ಪಾಲಿಸಿಯಲ್ಲಿ 'ಬಳಕೆಯ ಮಿತಿ' ಅಂತ ಒಂದು ಸಾಲಿರುತ್ತದೆ. ಸಂಘಟಿತ ರೇಸ್, ವೇಗದ ಪರೀಕ್ಷೆಗೆ ಪಾಲಿಸಿ ಅನ್ವಯಿಸುವುದಿಲ್ಲ. ಟ್ರ್ಯಾಕಿನಲ್ಲಿ ಗೋಡೆಗೆ ಗುದ್ದಿದರೆ 'ಅದು ರೇಸ್ ಅಲ್ಲ ಸಾರ್' ಎಂದು ವಾದ ಮಾಡಿ ಗೆಲ್ಲುತ್ತೇವೆ ಅಂತ ನಂಬಿ ಹೋಗಬೇಡಿ. ಪೂರಾ ನಷ್ಟ ನಮ್ಮದೇ ಅಂದುಕೊಂಡು ಹೋಗಬೇಕು. ಅಂದರೆ ಸಾಲ ಮಾಡಿ ಕೊಂಡ ಕಾರು ಟ್ರ್ಯಾಕಿಗೆ ಬೇಡ. ಹೋದರೆ ಹೋಯಿತು ಅನ್ನುವಷ್ಟು ದುಡ್ಡಿನ ಕಾರು ಇರಬೇಕು. ಇನ್ನೊಂದು, ಹಳೆ ಕಾರು ಕೊಂಡ 14 ದಿನದಲ್ಲಿ ವಿಮೆಯನ್ನೂ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಮಾರಿದವರ ನೋ ಕ್ಲೇಮ್ ಬೋನಸ್ ನಿಮಗೆ ಬರುವುದಿಲ್ಲ.

ಸದ್ದು ಮಾಡುವ ಸೈಲೆನ್ಸರ್, ಬಾಡಿ ಕತ್ತರಿಸಿ ಬದಲಾಯಿಸುವ ಕೆಲಸಗಳೂ ಬೇಡ. ತಯಾರಕರ ಮೂಲ ಮಾದರಿಗೆ ಹೊಂದದ ಬದಲಾವಣೆ ಮಾಡಿದ ವಾಹನವನ್ನು ನೋಂದಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಮೊದಲೇ ಮಾಡಿಫೈ ಆದ ಕಾರನ್ನು ಕೊಂಡರೆ ಹಿಂದೂಪುರದಲ್ಲಿ ಇನ್‌ಸ್ಪೆಕ್ಟರ್ ಮುಂದೆ ನಿಲ್ಲುವವರು ನೀವು, ಮಾರಿದವರಲ್ಲ.

ಇಷ್ಟೆಲ್ಲ ಮಾತಾದ ಮೇಲೆ ಕೆಂಪು ಪೋಲೊ ಫೋಟೊ ಮೊಬೈಲಿನಿಂದ ಹೋಯಿತು. ಆ ಯುವಕ ಎರಡು ವಾರ ತಿರುಗಿ, ಹಿಂದೂಪುರದಲ್ಲಿ ಸರಿಯಾದದ್ದು ಸಿಗದೆ, ತುಮಕೂರಿನ ನಿವೃತ್ತ ಮೇಷ್ಟ್ರೊಬ್ಬರ ಬಿಳಿ ಸ್ವಿಫ್ಟ್‌ಗೆ ಮುಂಗಡ ಕೊಟ್ಟಿದ್ದಾರೆ. ಒಬ್ಬರೇ ಓಡಿಸಿದ್ದು, ಸರ್ವಿಸ್ ಪುಸ್ತಕ ಪೂರ್ತಿ ಇದೆ, ಒಂದೇ ಒಂದು ಚಲನ್ ಇತ್ತು, ಮೇಷ್ಟ್ರೇ ಕಟ್ಟಿದರು. ಬಣ್ಣದ ಬಗ್ಗೆ ಗೆಳೆಯರಿಗೆ ಬೇಜಾರು.

ಕಾರು ಇನ್ನೂ ತುಮಕೂರಿನಲ್ಲೇ ಇದೆ. ಎನ್‌ಒಸಿ ಕೈಗೆ ಬಂದ ಮೇಲೆ ತರುತ್ತಾರಂತೆ. ಹೆಲ್ಮೆಟ್ ಮಾತ್ರ ಆಗಲೇ ಮನೆಗೆ ಬಂದು ರಾಗಿ ಚೀಲದ ಮೇಲೆ ಕೂತಿದೆ. ಅವರ ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ: 'ಕಾರಿಗೆ ಮೇಲೆ ತಗಡು ಇದೆ ಅಲ್ವೇನೋ, ಮತ್ತೆ ಇದ್ಯಾಕೆ?'